ನೆತ್ತಿಯ ವಾಸನೆ

ಬೆಳಗಿನಿಂದ ಬಲಾಗಿಯಾ ತನ್ನ ಮನೆಯ ವಸ್ತುಗಳನ್ನೇ ಕಳ್ಳಿಯಂತೆ ಒಂದೊಂದಾಗಿ ಎತ್ತಿ, ಮೂಗಿಗೆ ಹಿಡಿದು, ಯಾರಾದರೂ ಕಂಡಾರೆಂದು ಬಾಗಿಲ ಕಡೆ ನೋಡಿ ಮತ್ತೆ ಕೆಳಗಿಡುತ್ತಿದ್ದಳು. ತೊಗಟೆಯ ಡಬ್ಬಿಯ ಬೆಣ್ಣೆ, ಮೂಲೆಯ ಪೀಪಾಯಿಯಲ್ಲಿದ್ದ ಹುಳಿಹಾಲು, ಗೋಡೆಯಾಚೆಯ ಕೊಟ್ಟಿಗೆಯಿಂದ ತಂದ ಒಂದು ಹಿಡಿ ಒಣಹುಲ್ಲು, ಸತ್ತ ಗಂಡನ ಕುದುರೆಯ ಕಡಿವಾಣ, ಕೊನೆಗೆ ಗಾಡಿಯ ಅಚ್ಚಿಗೆ ಬಳಿಯುವ ಕಪ್ಪು ಕೀಲೆಣ್ಣೆ. ಒಂದೂ ಅವಳಿಗೆ ಓಗೊಡಲಿಲ್ಲ. ಹೊರಗಿನ ಚಳಿಯಲ್ಲಿ ವಾಸನೆಯೆಂಬುದೇ ಇರುವುದಿಲ್ಲ. ಉಗುಳು ನೆಲ ಮುಟ್ಟುವ ಮುನ್ನವೇ ಕಲ್ಲಾಗುವ ದಿನಗಳಲ್ಲಿ ಸಗಣಿಗೂ ಬೆಣ್ಣೆಗೂ ಒಂದೇ ಮರ್ಯಾದೆ. ವಾಸನೆಗಳೂ ಮನುಷ್ಯರ ಹಾಗೆಯೇ ಬಾಗಿಲು ಹಾಕಿಕೊಂಡು ಒಲೆಯ ಸುತ್ತ ಕುಳಿತು ಚಳಿಗಾಲ ಕಳೆಯುತ್ತವೆ. ಈಗ ಆ ಹೊರಗಿನ ಚಳಿಯೇ ಅವಳ ಮೂಗಿನೊಳಗೆ ಹೊಕ್ಕು ಬಿಡಾರ ಹೂಡಿದಂತಿತ್ತು.

ನದಿ ಹೆಪ್ಪುಗಟ್ಟಿದ ಹೊಸದರಲ್ಲಿ ಬಂದ ಜ್ವರ ಊರಿನಲ್ಲಿ ಒಬ್ಬರನ್ನೂ ಬಿಟ್ಟಿರಲಿಲ್ಲ. ಎದ್ದವರಲ್ಲಿ ಹಲವರು, ಚಹಾ ಬಿಸಿನೀರಿನ ಹಾಗಿದೆ, ಮೀನು ಮರದ ಚೂರಿನ ಹಾಗಿದೆ ಎಂದು ಕೆಲವು ದಿನ ಗೋಳಾಡಿ ಆಮೇಲೆ ಸರಿಹೋದರು. ಆಗ ಬಲಾಗಿಯಾ ಅವರನ್ನೆಲ್ಲ ಗೇಲಿ ಮಾಡಿದ್ದಳು. "ನಿಮ್ಮದೆಲ್ಲ ಬಾಡಿಗೆ ಮೂಗು ಕಣ್ರೋ, ಯಜಮಾನ ಬಂದು ಬಿಚ್ಚಿಕೊಂಡು ಹೋದ. ನನ್ನದು ಸ್ವಂತದ್ದು" ಎಂದಿದ್ದಳು. ಮಾರನೆಯ ವಾರ ಅವಳೂ ಮಲಗಿದಳು. ಎದ್ದಾಗ ಮೂಗಿರಲಿಲ್ಲ, ಅಂದರೆ ಮುಖದ ಮೇಲೆ ಇತ್ತು, ಕೆಲಸಕ್ಕಿರಲಿಲ್ಲ. ಎಲ್ಲರದೂ ಮರಳಿತು, ಅವಳದು ಮರಳಲಿಲ್ಲ. ಅಷ್ಟು ಆಡಿದ ಬಾಯಿಯಿಂದ ಇದನ್ನು ಹೇಳುವುದು ಹೇಗೆ?

ಉತ್ತರದ ಹಿಮನಾಡಿನ ವಿಲ್ಯೂಯ್ ನದಿಯ ಆ ತಿರುವಿನ ಊರುಗಳಲ್ಲಿ ಬಲಾಗಿಯಾಳ ಮೂಗೆಂದರೆ ಹಿರಿಯರ ಪಂಚಾಯಿತಿಗಿಂತ ಒಂದು ಕೈ ಮೇಲು. ದಾರಿಯಲ್ಲಿ ಬಿದ್ದು ಸಿಕ್ಕ ಒಂಟಿ ಕೈಗವಸನ್ನು ಒಲೆಯ ಹತ್ತಿರ ಹಿಡಿದು ಬೆಚ್ಚಗೆ ಮಾಡಿ, ಒಮ್ಮೆ ಉಸಿರೆಳೆದು, ಇಂಥವರ ಮನೆಯದೆಂದು ಹೇಳಿಬಿಡುತ್ತಿದ್ದಳು. ಬಂದ ನೆಂಟ ಕೋಟು ಬಿಚ್ಚುವ ಮೊದಲೇ, "ದಾರೀಲಿ ಸೆದೋತನ ಮನೇಲಿ ಹೊಟ್ಟೆ ಬಿರಿಯ ಮೀನು ತಿಂದು ಬಂದು ಇಲ್ಲಿ ಹಸಿದವನ ಹಾಗೆ ಆಡಬೇಡ" ಎಂದು ಮುಖಕ್ಕೆ ಹೇಳುವಳು. ಸಾಮೂಹಿಕ ಕೃಷಿಕೂಟದ ಉಗ್ರಾಣದವರು ಬೆಣ್ಣೆಯ ಪೀಪಾಯಿಗಳನ್ನು ನಗರಕ್ಕೆ ಕಳಿಸುವ ಮುಂಚೆ ಅವಳನ್ನು ಕರೆಸುತ್ತಿದ್ದರು. ಆದರೆ ಅವಳ ಕೀರ್ತಿ ನಿಂತಿದ್ದದ್ದು ಕೂಸುಗಳ ಮೇಲೆ. ಅಲ್ಲಿಯ ಜನ ಮಕ್ಕಳನ್ನು ಮುದ್ದಿಸುವುದು ತುಟಿಯಿಂದಲ್ಲ, ಮೂಗಿನಿಂದ. ಕೆನ್ನೆಗೋ ನೆತ್ತಿಗೋ ಮೂಗನ್ನೊತ್ತಿ ಗಾಢವಾಗಿ ಆಘ್ರಾಣಿಸಿದರೆ ಅದೇ ಮುತ್ತು. ಯಾರ ಮನೆಯಲ್ಲಿ ಕೂಸು ಹುಟ್ಟಿದರೂ ಅದರ ನೆತ್ತಿಯನ್ನು ಮೊದಲು ಬಲಾಗಿಯಾಳ ಮೂಗಿನಡಿ ಹಿಡಿಯುವರು. "ಇದು ತಾಯಿಯ ಅಪ್ಪನ ಕಡೆಯದು," "ಇವನು ತಾತನೇ ಹಿಂದಿರುಗಿ ಬಂದಿದ್ದಾನೆ" ಎಂದು ಅವಳು ನುಡಿದದ್ದನ್ನು ಜನ ಅರ್ಧ ತಮಾಷೆಗೆ ಕೇಳಿ, ಪೂರ್ತಿ ನಂಬಿ, ಆ ಮಗು ಮುದುಕನಾಗುವವರೆಗೂ ನೆನಪಿಡುವರು. ಆ ಮೂಗು ಒಮ್ಮೆಯೂ ದಾಕ್ಷಿಣ್ಯಕ್ಕೆ ಬಗ್ಗಿರಲಿಲ್ಲ. ಹರೆಯದಲ್ಲಿ ಗಂಡನ ಕೋಟಿನಲ್ಲಿ ಬೇರೊಂದು ಮನೆಯ ಒಲೆಯ ಹೊಗೆಯನ್ನು ಹಿಡಿದು ಅವನೊಡನೆ ಎರಡು ಚಳಿಗಾಲ ಮಾತು ಬಿಟ್ಟಿದ್ದಳು. ಪಾಪ, ಆ ಮನುಷ್ಯ ಅಲ್ಲವೆನ್ನಲು ಬಾಯಿ ತೆರೆದವನಲ್ಲ.

ಆ ಮೂಗಿನ ಮಾತಿಗೆ ಈಗ ಅವಳ ಮಗನ ಸಂಸಾರವೇ ಕಾದು ನಿಂತಿತ್ತು.

ಮಗ ಜೊಗೊರ್ ಕೃಷಿಕೂಟದ ಕುದುರೆಗಳನ್ನು ಕಾಯುವವನು. ಅವನ ಹೆಂಡತಿ ಇಲ್ಜಾನಾ ಕಳೆದ ಚಳಿಗಾಲದ ಕೊನೆಯಲ್ಲಿ ದನಗಳ ವೈದ್ಯಕ್ಕೆ ನೆರವಾಗುವ ಕೆಲಸ ಕಲಿಯಲು ಜಿಲ್ಲಾ ಪಟ್ಟಣಕ್ಕೆ ಹೋಗಿ, ನದಿಯ ಮಂಜುಗಡ್ಡೆ ಒಡೆದು ಹರಿದ ಮೇಲೆ ದೋಣಿಯಲ್ಲಿ ಹಿಂದಿರುಗಿದ್ದಳು. ನಡುವೆ ಒಮ್ಮೆ ಮಾಂಸ ತಲುಪಿಸಲು ಪಟ್ಟಣಕ್ಕೆ ಹೋದ ಜೊಗೊರ್ ಅವಳ ಬಾಡಿಗೆ ಕೋಣೆಯಲ್ಲಿ ಎರಡು ರಾತ್ರಿ ಇದ್ದು ಬಂದಿದ್ದ. ಬಂದವಳ ಹೊಟ್ಟೆ ಹುಲ್ಲು ಕೊಯ್ಯುವ ಹೊತ್ತಿಗೆ ಕಾಣತೊಡಗಿದಾಗ, ಅದೇ ಬಾಡಿಗೆ ಮನೆಯ ಪಕ್ಕದ ಕೋಣೆಯಲ್ಲಿ ರೇಡಿಯೋ ರಿಪೇರಿಯ ತರುಣನೊಬ್ಬನೂ ಇದ್ದನಂತೆ ಎಂಬ ಮಾತು ಯಾರದೋ ದೋಣಿಯೇರಿ ಊರಿಗೆ ಬಂತು. ಜೊಗೊರ್ ಹೆಂಡತಿಯನ್ನು ಒಂದು ಮಾತೂ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು. ಹಿಮ ಬೀಳುತ್ತಲೇ ಕಾಡಂಚಿನ ಕುದುರೆಗಾವಲಿನ ಗುಡಿಸಲು ಸೇರಿ, ಮನೆಯ ಕಡೆ ಬರುವುದನ್ನೇ ಬಿಟ್ಟ. ಪಟ್ಟಣದ ಆಸ್ಪತ್ರೆಯಲ್ಲಿ ಗಂಡು ಹುಟ್ಟಿತೆಂದು ಫೋನು ಬಂದ ದಿನ ಮಾತ್ರ ಬಂದು, ಹೊಸ್ತಿಲಲ್ಲೇ ನಿಂತು ಹೇಳಿದ್ದ: "ಅಮ್ಮ ಮೂಸಿ ಹೇಳಲಿ. ನಮ್ಮದು ಅಂದ್ರೆ ತೊಟ್ಟಿಲು ಕಟ್ತೀನಿ. ಅಲ್ಲ ಅಂದ್ರೆ ಬಂದ ಲಾರೀಲೇ ವಾಪಸ್ ಹೋಗ್ಲಿ."

ಆ ಲಾರಿ ಬರುವ ದಿನ ಇದೇ.

"ಅಮ್ಮಾ! ಹಾಲು!"

ಮಗಳು ಮಾರ್ಪಾ ಬಾಗಿಲು ನೂಕಿಕೊಂಡು, ಸೊಂಟದೆತ್ತರದ ಬಿಳಿಯ ಹಬೆಯ ಮೋಡದೊಡನೆ ಒಳನುಗ್ಗಿದಳು. ಅವಳು ಜೊಗೊರನ ಅಕ್ಕ. ನಾಲ್ಕು ಮನೆಯಾಚೆ ಸಂಸಾರ, ಆದರೆ ಮಾತೆಲ್ಲ ಇಲ್ಲೇ. "ತಳ ಹತ್ತಿ ಮನೆಯೆಲ್ಲ ಕಮಟು ಹೊಡೀತಾ ಇದೆ, ಒಲೆ ಎದುರಿಗೇ ಕೂತಿದೀಯ!"

"ಗೊತ್ತು ಕಣೇ," ಎಂದಳು ಬಲಾಗಿಯಾ, ಅಲುಗಾಡದೆ. "ಹೊತ್ತಿದ ಹಾಲು ಕರುವಿನ ಭೇದಿಗೆ ಒಳ್ಳೇದು. ಬೇಕಂತಲೇ ಬಿಟ್ಟಿದ್ದೆ."

"ಯಾವ ಕರುವಿಗೆ?"

"ಆಗೋ ಕರುವಿಗೆ."

ಮಾರ್ಪಾ ಪಾತ್ರೆಯನ್ನು ಕೆಳಗಿಳಿಸಿ, ತಾಯಿಯ ಮುಖವನ್ನು ಒಂದು ಗಳಿಗೆ ನೋಡಿ, ತಲೆಯ ಉಣ್ಣೆಯ ವಸ್ತ್ರವನ್ನು ಬಿಚ್ಚಿದಳು. "ನೋಡಮ್ಮ, ನಾನು ಹೇಳ್ತೀನಿ ಅಂತ ತಪ್ಪು ತಿಳೀಬೇಡ. ಇವತ್ತು ದಾಕ್ಷಿಣ್ಯ ನೋಡಬೇಡ. ಸೊಸೆ ಅಳ್ತಾಳೆ, ಕೂಸು ಮುದ್ದಾಗಿದೆ ಅಂತೆಲ್ಲ ಕರಗಬೇಡ. ನನ್ನ ತಮ್ಮ ಇನ್ನೊಬ್ಬನ ಕರುವಿಗೆ ಹುಲ್ಲು ಹಾಕೋದು ನನಗೆ ನೋಡೋಕಾಗಲ್ಲ."

"ನಿನ್ನ ಮದುವೆಯಾದಾಗ ನಿನ್ನ ಗಂಡನ ತಾಯಿಯೂ ನಿನ್ನ ಬಗ್ಗೆ ಹೀಗೇ ಯಾರ ಹತ್ರಾನೋ ಹೇಳಿದ್ಲು. ಆಗ ನೀನು ಎಷ್ಟು ಅತ್ತಿದ್ದೆ, ನೆನಪಿದೆಯಾ?"

"ಅದು ಬೇರೆ, ಇದು ಬೇರೆ."

"ಹೌದು, ಬೇರೆ. ಆಗ ಅತ್ತೋಳು ನೀನು."

ಮಗಳ ಬಾಯಿ ಅಷ್ಟಕ್ಕೆ ಮುಚ್ಚಿತು, ಅವಳ ಮನಸ್ಸು ಮಾತ್ರ ಮುಚ್ಚಲಿಲ್ಲ. ಬಲಾಗಿಯಾ ಎದ್ದಳು, ಕುಳಿತಳು. ಕಿಟಕಿಯ ಗಾಜಿಗೆ ಬೆಳೆದಿದ್ದ ಮಂಜಿನ ಪದರವನ್ನು ಉಗುರಿನಿಂದ ಕೆರೆದು ಕಣ್ಣಗಲದ ತೂತು ಮಾಡಿ ಇಣುಕಿದಳು. ಅದು ಮತ್ತೆ ಮುಚ್ಚಿಕೊಂಡಿತು, ಮತ್ತೆ ಕೆರೆದಳು. ಹೇಳಿಬಿಡೋಣವೇ, ಮೂಗು ಹೋಗಿದೆ ಎಂದು? ಹೇಳಿದರೆ ತನ್ನ ಮಾನ ಹೋಗುವುದು ಒಂದು ಕಡೆಗಿರಲಿ, ಮಗನ ಅನುಮಾನ ಹಾಗೆಯೇ ಉಳಿಯುವುದಲ್ಲ! ತೀರ್ಪು ಹೇಳುವವರಿಲ್ಲದ ವ್ಯಾಜ್ಯ ಚಳಿಗಾಲದ ಹಸಿಗಾಯದಂತೆ. ಆರುವುದೂ ಇಲ್ಲ, ಕೊಳೆಯುವುದೂ ಇಲ್ಲ. ಹಾಗಾದರೆ ಸುಳ್ಳು ಹೇಳಲೇ? ಯಾವ ಸುಳ್ಳು? ನಮ್ಮದೆನ್ನುವುದು ಸುಳ್ಳೋ, ಅಲ್ಲವೆನ್ನುವುದು ಸುಳ್ಳೋ ಎಂಬುದಾದರೂ ಗೊತ್ತಿರಬೇಕಲ್ಲವೇ ಸುಳ್ಳು ಹೇಳುವವಳಿಗೆ?

ಮಧ್ಯಾಹ್ನ ಜೊಗೊರ್ ಬಂದ. ಹುಬ್ಬು, ರೆಪ್ಪೆ, ಮೀಸೆಗಳಲ್ಲೆಲ್ಲ ಮಂಜು ಕಟ್ಟಿತ್ತು. ಟೋಪಿ ತೆಗೆಯದೆ ಬಾಗಿಲ ಕಂಬಕ್ಕೆ ಒರಗಿ ನಿಂತ. ಅಕ್ಕ ಚಹಾ ಕೊಟ್ಟರೆ ಒಲ್ಲೆನೆಂದ. ತಾಯಿ ಕುಳಿತುಕೋ ಎಂದರೆ ಕೇಳಿಸದವನಂತಿದ್ದ. ಸ್ವಲ್ಪ ಹೊತ್ತಿಗೆ ದೂರದಲ್ಲಿ ಲಾರಿಯ ಸದ್ದು ಹುಟ್ಟಿ, ಬೆಳೆದು, ಅಂಗಳದಲ್ಲಿ ಬಂದು ಗುರುಗುಟ್ಟುತ್ತ ನಿಂತಿತು.

ಮೊದಲು ಒಳಗೆ ಬಂದವನು ಚಾಲಕ ಕಿರ್ಗೆಲೆ. ಹಿಂದೆಯೇ ಇಲ್ಜಾನಾ, ಎದೆಗವುಚಿಕೊಂಡ ಮೊಲದ ಚರ್ಮದ ಗಂಟು. ಅವಳ ಕೆನ್ನೆಗಳು ಚಳಿಗೆ ಸುಟ್ಟು ಕಪ್ಪಿಟ್ಟಿದ್ದವು.

"ಎಂಥ ಕೊಳಕು ನಾಯಿಮರಿ ತಂದಿದಾಳೆ ನೋಡಿ ನಿಮ್ಮ ಸೊಸೆ!" ಎಂದು ಕಿರ್ಗೆಲೆ ಗಟ್ಟಿಯಾಗಿ ಕೂಗಿದ. ಹೊಸ ಕೂಸನ್ನು ಹೊಗಳಿ ಕೆಟ್ಟ ಕಣ್ಣುಗಳನ್ನು ಕರೆಯುವಷ್ಟು ದಡ್ಡನಲ್ಲ ಅವನು. "ದಾರಿಯುದ್ದಕ್ಕೂ ಅರಚಾಟ. ಇಂಥದ್ದನ್ನ ಯಾರೂ ಕದಿಯಲ್ಲ, ನೀವೇ ಇಟ್ಕೊಳ್ಳಿ."

"ಎಂಜಿನ್ ಆರಿಸಿ ಬಾರೋ, ಊಟ ಮಾಡುವಿಯಂತೆ," ಎಂದಳು ಬಲಾಗಿಯಾ.

"ಈಗ ಆರಿಸಿದ್ರೆ ಮೇ ತಿಂಗಳಿಗೇ ಎಬ್ಬಿಸಬೇಕು ಅಜ್ಜಿ. ಚಹಾ ಕುಡಿದು ಹೊರಡ್ತೀನಿ. ಬೆಳಕಿರೋವಾಗ್ಲೇ ನದಿ ದಾಟಬೇಕು." ಹೇಳುತ್ತ ಹೇಳುತ್ತ ಅವನ ಕಣ್ಣು ಬಾಗಿಲ ಕಂಬದ ಕಡೆ, ಅಲ್ಲಿಂದ ಇಲ್ಜಾನಾಳ ಕಡೆ ಹೊರಳಿ ಬಂತು. ಹೊರಡುವಾಗ ಲಾರಿಯಲ್ಲಿ ಒಬ್ಬನೋ ಮೂವರೋ ಎಂಬುದು ಅವನಿಗೂ ತಿಳಿದಿರಲಿಲ್ಲ.

ಮಾರ್ಪಾ ಮೂಗು ಮುಚ್ಚಿಕೊಂಡಳು. "ಏನು ಕಿರ್ಗೆಲೆ, ಪೆಟ್ರೋಲಲ್ಲೇ ಸ್ನಾನ ಮಾಡ್ತೀಯೇನೋ? ಬಂದ ತಕ್ಷಣ ಮನೆಯೆಲ್ಲ ನಾತ."

"ದುಡಿಯೋ ಗಂಡಸಿನ ವಾಸನೆ ಕಣಕ್ಕ. ನಿನಗೆ ಅಭ್ಯಾಸ ಇಲ್ಲ, ಪಾಪ."

ಇಲ್ಜಾನಾ ಬಾಗಿಲ ಬಳಿಯೇ ಉಣ್ಣೆಯ ಬೂಟುಗಳನ್ನು ಕಾಲಿನಿಂದಲೇ ಕಳಚಿ, ಗಂಟನ್ನು ಇಳಿಸದೆ ನೇರವಾಗಿ ಅತ್ತೆಯ ಮುಂದೆ ಬಂದು ನಿಂತಳು. ದಾರಿಯಲ್ಲಿ ಕಿರ್ಗೆಲೆಯ ಬಾಯಿ ಸುಮ್ಮನಿರಲಿಲ್ಲವೆಂಬುದು ಅವಳ ಬಿಗಿದ ದವಡೆಯಲ್ಲೇ ತಿಳಿಯುತ್ತಿತ್ತು.

"ತಗೊಳ್ಳಿ ಅತ್ತೆ," ಎಂದಳು. "ಎಲ್ಲರೂ ಇದಾರೆ. ಬೇಗ ಮುಗಿಸಿ."

ಬಲಾಗಿಯಾ ಒಲೆಯ ಬೆಂಕಿಯಲ್ಲಿ ನೆಲೆಸಿರುವ ಅಗ್ನಿಯಜ್ಜನಿಗೆ ಒಂದು ಚಮಚ ಬೆಣ್ಣೆ ಉಣಿಸಿ, ಮನೆಗೆ ಹೊಸಬರು ಬಂದಿದ್ದಾರೆಂದು ತುಟಿಯಲ್ಲೇ ಅರಿಕೆ ಮಾಡಿಕೊಂಡು, ಬೆಂಚಿನ ಮೇಲೆ ಕುಳಿತಳು. ಗಂಟು ಅವಳ ತೊಡೆಗೆ ಬಂತು. ಹೊರಗಿನ ಕಂಬಳಿಯ ಮೇಲಿನ ಮಂಜು ಕರಗಿ ಹನಿಯುವವರೆಗೆ ಕಾದಳು. ಚಳಿಯಿಂದ ಬಂದ ಕೂಸನ್ನು ಒಮ್ಮೆಗೇ ಬಿಚ್ಚಬಾರದು. ಆಮೇಲೆ ಒಂದೊಂದೇ ಪದರ ತೆಗೆದಳು. ಒಳಗೆ ಕೆಂಪಗೆ, ಸಿಟ್ಟಿನ ಮುಖದ, ಕಪ್ಪು ಹುಟ್ಟುಗೂದಲಿನ ಗಂಡುಮಗು. ಅಂಗಳದಲ್ಲಿ ಲಾರಿ ತನ್ನ ಪಾಡಿಗೆ ಗುರುಗುಟ್ಟುತ್ತಿತ್ತು.

ಅವಳು ಬಾಗಿ ಕೂಸಿನ ನೆತ್ತಿಗೆ ಮೂಗನ್ನೊತ್ತಿ ಉಸಿರೆಳೆದಳು.

ಬಿಸಿ. ಮೆತ್ತಗೆ ಮಿಡಿಯುವ ಒಂದಿಷ್ಟು ಜಾಗ. ಅಷ್ಟೇ. ಇನ್ನೊಮ್ಮೆ ಎಳೆದಳು, ಶ್ವಾಸಕೋಶದ ತಳ ನೋಯುವಂತೆ. ಗಾಳಿ ಬಂತು, ಗಾಳಿ ಹೋಯಿತು. ಅದುವರೆಗೆ ತೀರ್ಪಿನ ಚಿಂತೆಯಲ್ಲೇ ಬೆಂದಿದ್ದವಳಿಗೆ ಬೇರೆಯದೇ ಒಂದು ದಿಗಿಲು ಕವಿಯಿತು. ತಾನು ಈ ಲೋಕದಲ್ಲಿ ಯಾರನ್ನು ಬಲ್ಲೆನೋ ಅವರನ್ನೆಲ್ಲ ವಾಸನೆಯಿಂದಲೇ ಬಲ್ಲವಳು. ತನ್ನ ತಾಯಿಯ ಮುಖ ಮರೆತುಹೋಗಿದ್ದರೂ ಅವಳ ಕುತ್ತಿಗೆಯ ವಾಸನೆ ಮರೆತಿರಲಿಲ್ಲ. ಈ ಕೂಸು ಬೆಳೆದು ಗಂಡಸಾದರೂ, ತನ್ನ ಕೈಯಲ್ಲೇ ಉಂಡು ಮಲಗಿದರೂ, ಗಾಜಿನಾಚೆ ಕಂಡ ಪರಸ್ಥಳದವನಂತೆಯೇ ಉಳಿಯುವನಲ್ಲ! ಅವಳ ಕಣ್ಣು ತುಂಬಿತು. ನೋಡುತ್ತಿದ್ದವರು ಅದಕ್ಕೆ ತಮತಮಗೆ ತೋಚಿದ ಅರ್ಥ ಮಾಡಿಕೊಂಡರು.

"ಅಮ್ಮ?" ಎಂದ ಜೊಗೊರ್ ಬಾಗಿಲಿಂದ.

"ನಮ್ಮದೇ," ಎಂದಳು ಬಲಾಗಿಯಾ.

ಹೇಳಿದ ಮೇಲೆ ನಿಲ್ಲಿಸಬಹುದಿತ್ತು. ಆದರೆ ಸುಳ್ಳು ಹೇಳಲು ಮೊದಲ ಸಲ ಹೊರಟವರಿಗೆ ಎಲ್ಲಿ ನಿಲ್ಲಬೇಕೆಂಬುದು ತಿಳಿಯದು. "ನಿಮ್ಮಪ್ಪನೇ ಕಣೋ. ಮೇಲೆ ಜೀನಿನ ತೊಗಲು, ಅದರಡಿಗೆ ಒಂಚೂರು ಹುಳಿ, ಆಮೇಲೆ ಬಿಸಿಲಲ್ಲಿ ಒಣಗಿದ ಹುಲ್ಲು. ಇಷ್ಟು ಸ್ಪಷ್ಟವಾಗಿ ಯಾವ ಕೂಸಿನಲ್ಲೂ ನಾನು ಕಂಡಿಲ್ಲ."

ಜೊಗೊರ್ ಟೋಪಿ ತೆಗೆದ. ಅವನ ತಲೆಯಿಂದ ಹಬೆ ಎದ್ದಿತು. ಮಾರ್ಪಾ ಒಂದು ಸಲ ಮೂಗೆಳೆದುಕೊಂಡು, ಸೋತವಳಂತೆಯೂ ಹಗುರಾದವಳಂತೆಯೂ ಹಸಿಯಾಗಿಯೇ ತಿನ್ನುವ ಹೆಪ್ಪುಗಟ್ಟಿದ ಮೀನನ್ನು ತೆಳ್ಳಗೆ ಹೆರೆಯಲು ಕುಳಿತಳು. ಕಿರ್ಗೆಲೆ ತೊಡೆ ತಟ್ಟಿಕೊಂಡ. "ನಾನು ದಾರೀಲೇ ಹೇಳಿದ್ದೆ! ಅರಚೋ ರೀತಿ ನೋಡಿದ್ರೇ ಗೊತ್ತಾಗಲ್ವಾ ಈ ಮನೇದು ಅಂತ?" ಇಲ್ಜಾನಾ ಮಾತ್ರ ನಗಲಿಲ್ಲ, ಅಳಲೂ ಇಲ್ಲ. ಕೂಸನ್ನು ಹಿಂದಕ್ಕೆ ತೆಗೆದುಕೊಂಡು ಮೂಲೆಯ ಹಾಸಿಗೆಯ ಮೇಲೆ ಕುಳಿತು ಹಾಲೂಡಿಸತೊಡಗಿದಳು.

ಬಲಾಗಿಯಾಳಿಗೆ ಕುಳಿತಲ್ಲಿ ಕುಳಿತಿರಲಾಗಲಿಲ್ಲ. ಕೈಗೆ ಏನಾದರೊಂದು ಕೆಲಸ ಬೇಕಾಗಿ ಸುತ್ತ ನೋಡಿದಳು. ಬಾಗಿಲ ಬಳಿ ಸೊಸೆಯ ಬೂಟುಗಳು ಒದ್ದೆಯಾಗಿ ಬಿದ್ದಿದ್ದವು. ಅತ್ತೆಯ ಬೂಟನ್ನು ಸೊಸೆ ಒಣಗಿಸುವುದು ಲೋಕದ ರೂಢಿ. ಸೊಸೆಯದನ್ನು ಅತ್ತೆ ಎತ್ತಿದರೆ ಅದೊಂದು ದೊಡ್ಡ ಮರ್ಯಾದೆ. ಮಾಡೋಣ, ಎಲ್ಲರೂ ನೋಡಲಿ ಎಂದುಕೊಂಡು ಎರಡನ್ನೂ ಎತ್ತಿದಳು. ಹಿಮ ಕರಗಿ ನೆನೆದಿವೆಯೆಂದೇ ಭಾವಿಸಿ, ತೊಟ್ಟಿಕ್ಕುತ್ತಿದ್ದ ಹಾಗೆಯೇ ಒಲೆಯ ಬಾಯಿಯ ಬಳಿಯ ಕಟ್ಟೆಗೆ ಒಯ್ದಳು.

"ಅಜ್ಜೀ!" ಕಿರ್ಗೆಲೆಯ ಲೋಟ ನೆಲಕ್ಕೆ ಬಿತ್ತು. "ಅಜ್ಜೀ, ಪೆಟ್ರೋಲ್! ಬಿಡು!"

ಒಂದು ಹನಿ ಕೆಂಡಕ್ಕೆ ಹಾರಿ ನೀಲಿಯ ನಾಲಿಗೆಯೊಂದು ಕಟ್ಟೆಯ ಮೇಲೆ ಸರ್ರನೆ ಓಡಿ ಆರಿತು. ಅಷ್ಟರಲ್ಲಿ ಇಲ್ಜಾನಾ ಕೂಸನ್ನು ಹಾಸಿಗೆಯ ಮೇಲೆ ಬಿಟ್ಟು ಹಾರಿಬಂದು ಅತ್ತೆಯ ಕೈಗೆ ಹೊಡೆದಿದ್ದಳು. ಬಿದ್ದ ಬೂಟುಗಳನ್ನು ಕಿರ್ಗೆಲೆ ಕಾಲಿನಿಂದಲೇ ಒದೆಯುತ್ತ ಹೊರಗಿನ ಹಿಮಕ್ಕೆ ಎಸೆದು ಬಾಗಿಲು ಹಾಕಿದ.

"ಡಬ್ಬಿ ಮುಚ್ಚಳ ಸಡಿಲಾಗಿ ಅವಳ ಕಾಲ ಮೇಲೆಲ್ಲ ಚೆಲ್ಲಿತ್ತು," ಎಂದ, ಏದುಸಿರು ಬಿಡುತ್ತ. "ಹೇಳೋಣ ಅಂತಿದ್ದೆ, ಮರೆತೇಹೋಯ್ತು. ಆದ್ರೆ ಅಜ್ಜಿ, ನೀನು..."

ಎಲ್ಲರೂ ಬಲಾಗಿಯಾಳನ್ನೇ ನೋಡುತ್ತಿದ್ದರು. ಮೊಣಕೈವರೆಗೆ ತೋಯ್ದ ತನ್ನ ತೋಳುಗಳನ್ನು ಅವಳು ಯಾರದೋ ತೋಳುಗಳೆಂಬಂತೆ ನೋಡಿಕೊಂಡಳು.

"ಅಮ್ಮಾ," ಎಂದಳು ಮಾರ್ಪಾ ಮೆಲ್ಲಗೆ, "ಅಷ್ಟು ವಾಸನೇನೂ ಬರ್ಲಿಲ್ವಾ ನಿನಗೆ?"

"ನೆಗಡಿ ಕಣೇ. ಇವತ್ತೇ ಹಿಡಿದಿದೆ."

ಜೊಗೊರ್ ಕಂಬ ಬಿಟ್ಟು ನಡೆದು ಬಂದ. ಬಲಗೈಯನ್ನು ಮುಷ್ಟಿ ಕಟ್ಟಿ ತಾಯಿಯ ಮೂಗಿನ ಕೆಳಗೆ ಹಿಡಿದ. "ಏನಿದೆ ಹೇಳಮ್ಮ."

ಕುದುರೆ ಕಾಯುವವನ ಕೈ; ಹೊಗೆಸೊಪ್ಪಿರಬೇಕು. ಅದಲ್ಲದೆ ಇನ್ನೇನು ಇದ್ದೀತು? ಹೊಗೆಸೊಪ್ಪೆಂದು ಹೇಳಿಬಿಟ್ಟರೆ ನೆಗಡಿಯ ಮಾತೂ ನಿಂತೀತು, ಕೂಸಿನ ಮಾತೂ ನಿಂತೀತು. ತುದಿನಾಲಿಗೆಗೆ ಬಂದ ಮಾತನ್ನು ಅವಳು ನುಂಗಿಕೊಂಡಳು. ಯಾವ ಮೂಗಿನಿಂದ ಊರನ್ನೇ ಆಳಿದ್ದಳೋ ಆ ಮೂಗಿನ ಎದುರು ಹೆತ್ತ ಮಗ ಮುಷ್ಟಿ ಹಿಡಿದು ನಿಂತಿದ್ದಾನೆ. ಊಹೆ ಮಾಡಿ ಗೆಲ್ಲುವ ಹೀನತನ ಇನ್ನು ಸಾಕೆನಿಸಿತು.

"ಗೊತ್ತಿಲ್ಲ ಕಣೋ. ಜ್ವರದಲ್ಲೇ ಹೋಯ್ತು. ಮತ್ತೆ ಬರ್ಲಿಲ್ಲ."

ಅವನು ಮುಷ್ಟಿ ತೆರೆದ. ಒಳಗೆ ಏನೂ ಇರಲಿಲ್ಲ.

"ಹಾಗಾದ್ರೆ ಆಗ ಹೇಳಿದ್ದು?"

"ಸುಳ್ಳು. ಜೀನೂ ಇಲ್ಲ, ಹುಲ್ಲೂ ಇಲ್ಲ. ಅದು ಯಾರ ಕೂಸು ಅಂತ ನನಗೆ ಗೊತ್ತಿಲ್ಲ. ನಮ್ಮದಾಗ್ಲಿ ಅಂತ ಆಸೆಯಾಯ್ತು, ಹೇಳಿದೆ."

"ನೋಡಿದ್ಯಾ!" ಎಂದು ಮಾರ್ಪಾ ಬಾಯಿ ತೆರೆದವಳು, ತಮ್ಮನ ಮುಖ ಕಂಡು ಹಾಗೆಯೇ ಮುಚ್ಚಿಕೊಂಡಳು.

ಅತ್ತ ಮೂಲೆಯಲ್ಲಿ ಇಲ್ಜಾನಾ ಕೂಸನ್ನು ಮತ್ತೆ ಸುತ್ತತೊಡಗಿದ್ದಳು. ಬಟ್ಟೆ, ಅದರ ಮೇಲೆ ಉಣ್ಣೆ, ಅದರ ಮೇಲೆ ಮೊಲದ ಚರ್ಮ. ಕೈಗಳು ಅವಸರಪಡುತ್ತಿರಲಿಲ್ಲ. "ಅತ್ತೆ ಸುಳ್ಳು ಹೇಳಿದ್ದಕ್ಕೆ ನನಗೇನೂ ಕೋಪ ಇಲ್ಲ," ಎಂದಳು, ತಲೆಯೆತ್ತದೆ. "ನನ್ನ ಮೇಲೇ ಕೋಪ. ನನ್ನ ಮಗನ್ನ ಪೀಪಾಯಿ ಬೆಣ್ಣೆ ಹಾಗೆ ಮೂಸಿ ನೋಡೋವಾಗ ಬಾಯಿ ಮುಚ್ಕೊಂಡು ನಿಂತಿದ್ದೆನಲ್ಲ. ನಮ್ಮದೇ ಅಂದಾಗ ಒಂದು ಗಳಿಗೆ ಖುಷೀನೂ ಆಯ್ತು, ಥೂ. ಕಿರ್ಗೆಲಣ್ಣ, ಚಹಾ ಮುಗೀತಾ? ನಾನೂ ಬರ್ತೀನಿ."

"ಬರಿಗಾಲಲ್ಲಾ?" ಎಂದ ಕಿರ್ಗೆಲೆ.

ಬಲಾಗಿಯಾ ಪೆಟ್ಟಿಗೆಯ ಮುಚ್ಚಳ ತೆಗೆದು, ಹಬ್ಬಕ್ಕೆಂದು ಇಟ್ಟಿದ್ದ ತನ್ನ ಹಿಮಜಿಂಕೆಯ ಚರ್ಮದ ಬೂಟುಗಳನ್ನು ತಂದು ಸೊಸೆಯ ಕಾಲ ಬಳಿ ಜೋಡಿಸಿಟ್ಟಳು. "ಹೋಗೋದಾದ್ರೆ ಇದನ್ನ ಹಾಕ್ಕೊಂಡು ಹೋಗು." ಆಮೇಲೆ ಮಗನ ಕಡೆ ತಿರುಗಿದಳು. ಅವಳ ದನಿಯಲ್ಲಿ ಹಳೆಯ ಗಡಸುತನ ಬಂದಿತ್ತು. "ಇಷ್ಟು ದಿನ ನನ್ನ ಮೂಗಿನ ಮರೆಯಲ್ಲಿ ಅಡಗಿ ಕೂತಿದ್ದೆ ನೀನು. ಕುದುರೆ ಕಾಯೋನು, ಹೆಂಡತೀನ ಒಂದು ಮಾತು ಕೇಳೋಕೆ ಧೈರ್ಯ ಇಲ್ಲ. ಈಗ ಆ ಮರೆ ಬಿದ್ದುಹೋಯ್ತು. ಏನು ಹೇಳ್ತೀಯೋ ನೀನೇ ಹೇಳು."

ಜೊಗೊರ್ ಹಾಸಿಗೆಯ ಬಳಿ ಹೋಗಿ ನಿಂತ. ಒಂದು ಗಳಿಗೆ ಕೂಸನ್ನೇ ನೋಡಿ, ಮೆಲ್ಲಗೆ ಬಾಗಿದ. ಇನ್ನೇನು ಅವನ ಮೂಗು ತಾಗಬೇಕು, ಇಲ್ಜಾನಾ ತನ್ನ ಅಂಗೈಯಿಂದ ಕೂಸಿನ ನೆತ್ತಿಯನ್ನು ಮುಚ್ಚಿಬಿಟ್ಟಳು.

"ಮುದ್ದು ಮಾಡೋದಾದ್ರೆ ಮಾಡು," ಎಂದಳು. "ಪರೀಕ್ಷೆ ಮಾಡೋದಾದ್ರೆ ಬೇಡ. ಯಾವುದು ಅಂತ ಮೊದಲು ಹೇಳು."

ಅವನು ಬಾಗಿದಂತೆಯೇ ನಿಂತ. ಎರಡಕ್ಕೂ ಉಸಿರು ಒಂದೇ, ಮೂಗು ಒಂದೇ. ನಡುವೆ ಇರುವ ಅಂತರವನ್ನು ಅವನು ಎಂದೂ ಯೋಚಿಸಿದವನಲ್ಲ. ಹಣೆಯ ಮೇಲೆ ಕರಗಿದ ಮಂಜೋ ಬೆವರೋ ಇಳಿಯಿತು.

"ಲೋ ತಮ್ಮ," ಎಂದ ಕಿರ್ಗೆಲೆ ಸಂಕಟದಿಂದ, "ಬೇಗ ಹೇಳೋ ಮಾರಾಯ. ಅಲ್ಲಿ ಎಂಜಿನ್ ಉರೀತಾ ಇದೆ, ಇಲ್ಲಿ ನನ್ನ ಹೊಟ್ಟೆ ಉರೀತಾ ಇದೆ."

ಜೊಗೊರ್ ನೆಟ್ಟಗಾದ. ಟೋಪಿ ಹಾಕಿಕೊಂಡ. ಬಾಗಿಲು ತೆಗೆದು ಹೊರಗೆ ಹೋದ; ಬಿಳಿಯ ಹಬೆ ಒಳನುಗ್ಗಿ ಅವನಿದ್ದ ಜಾಗವನ್ನು ತುಂಬಿತು.

ಗಾವಲಿಗೆ ಹೊರಟ, ಇನ್ನು ಬರುವುದಿಲ್ಲ ಎಂದುಕೊಂಡಳು ಬಲಾಗಿಯಾ. ಮಾರ್ಪಾ ಮೀನು ಹೆರೆಯುವ ಚಾಕುವನ್ನು ಕೆಳಗಿಟ್ಟು ಮೊದಲ ಸಲ ತಮ್ಮನ ಹೆಂಡತಿಯ ಕಡೆ ನೋಡಿದಳು, ಅವಳು ನೋಡುವ ಮೊದಲೇ ಕಣ್ಣು ತೆಗೆದಳು. ಇಲ್ಜಾನಾ ಒಂದು ಕಾಲನ್ನು ಅತ್ತೆಯ ಬೂಟಿನೊಳಗೆ ತೂರಿಸಿದಳು. ಹೊರಗೆ ಲಾರಿಯ ಹಿಂಬದಿಯ ಹಲಗೆ ಧಡಾರನೆ ಬಿದ್ದ ಸದ್ದು. ಏನನ್ನೋ ಎಳೆಯುವ ಸದ್ದು. ಬಾಗಿಲು ಮತ್ತೆ ತೆರೆಯಿತು.

ಜೊಗೊರ್ ಇಲ್ಜಾನಾಳ ಮರದ ಪೆಟ್ಟಿಗೆಯನ್ನು ಹೆಗಲ ಮೇಲೆ ಹೊತ್ತು ಒಳಬಂದು, ನಡುಮನೆಯಲ್ಲಿ ಇಳಿಸಿದ. ಮತ್ತೆ ಹೊರಗೆ ಹೋದ. ಈ ಸಲ ಹಾಸಿಗೆಯ ಸುರುಳಿ, ಕೂಸನ್ನು ಮೀಯಿಸುವ ತಗಡಿನ ತೊಟ್ಟಿ ಬಂದವು. ಬಾಗಿಲನ್ನು ಭದ್ರವಾಗಿ ಎಳೆದು ಹಾಕಿದ.

"ನೀನು ಹೊರಡು ಕಿರ್ಗೆಲೆ. ನದಿ ದಾಟೋಕೆ ಹೊತ್ತಾಗುತ್ತೆ."

"ಹೊರಟೆ, ಹೊರಟೆ," ಎಂದ ಕಿರ್ಗೆಲೆ, ತಟ್ಟೆಯಲ್ಲಿದ್ದ ಮೀನಿನ ಚೂರುಗಳನ್ನೆಲ್ಲ ಬಾಚಿ ಬಾಯಿಗೆ ತುಂಬಿಕೊಳ್ಳುತ್ತ. "ಆ ಬೂಟುಗಳನ್ನ ಒಳಗೆ ತರಬೇಡಿ ಮಾತ್ರ."

ಲಾರಿಯ ಸದ್ದು ದೂರವಾಯಿತು. ಆಮೇಲೆ ಜೊಗೊರ್, ಪೆಟ್ಟಿಗೆಗೆ ಹೇಳುವವನಂತೆ ಅದನ್ನೇ ನೋಡುತ್ತ ಹೇಳಿದ: "ಎರಡೇ ರಾತ್ರಿ, ಎರಡೇ ರಾತ್ರಿ ಅಂತ ಊರೆಲ್ಲ ಬೆರಳು ಮಡಿಸ್ತಾರೆ. ಆ ಎರಡು ರಾತ್ರಿ ಅಲ್ಲಿ ಇದ್ದಿದ್ದು ನಾನು. ಊರಿರ್ಲಿಲ್ಲ." ಅಕ್ಕನ ಕಡೆ ತಿರುಗದೆಯೇ, "ನೀನೂ ಇರ್ಲಿಲ್ಲಕ್ಕ," ಎಂದು ಸೇರಿಸಿದ.

ಮಾರ್ಪಾ ತಲೆಯ ವಸ್ತ್ರ ಕಟ್ಟಿಕೊಂಡು, ತನ್ನ ಮನೆಯ ಹಸುಗಳಿಗೆ ನೀರು ಕುಡಿಸುವ ಹೊತ್ತಾಯಿತೆಂದಳು. ಹೋಗುವಾಗ ಹೊಸ್ತಿಲಲ್ಲಿ ನಿಂತು, "ರಾತ್ರಿ ಕೆನೆ ಕಳಿಸ್ತೀನಿ, ಬಾಣಂತಿಗೆ," ಎಂದಳು. ಬೇಡವೆನ್ನಲು ಯಾರಿಗೂ ಎಡೆಗೊಡದೆ ಹೊರಟುಹೋದಳು.

ಜೊಗೊರ್ ಹಾಸಿಗೆಯ ಬಳಿ ಬಂದ. ಇಲ್ಜಾನಾಳ ಕೈ ಇನ್ನೂ ಕೂಸಿನ ನೆತ್ತಿಯ ಮೇಲೆಯೇ ಇತ್ತು. ಅವಳು ಅದನ್ನು ತೆಗೆಯಲಿಲ್ಲ.

"ಮೊದ್ಲು ಮೈ ಬೆಚ್ಚಗೆ ಮಾಡ್ಕೋ," ಎಂದಳು. "ನಿನ್ನ ಮುಖ ಮಂಜುಗಡ್ಡೆ ಹಾಗಿದೆ. ಕೂಸು ಬೆಚ್ಚೀತು."

ಕ್ಷಮಿಸಿದ ದನಿಯಲ್ಲ ಅದು. ಹೋಗೆಂದ ದನಿಯೂ ಅಲ್ಲ. ಅವನು ಹೇಳಿದಂತೆ ಕೇಳುವ ಹುಡುಗನಂತೆ ಹೋಗಿ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕುಳಿತು, ಅಂಗೈಗಳನ್ನು ಬೆಂಕಿಗೆ ಹಿಡಿದ.

ಬಲಾಗಿಯಾ ತೋಳುಗಳನ್ನು ಬೂದಿಯಿಂದ ಉಜ್ಜಿ ತೊಳೆದಳು. ಹೋಯಿತೋ ಇಲ್ಲವೋ ತಿಳಿಯುವ ಬಗೆಯಿಲ್ಲದೆ ಮತ್ತೆ ತೊಳೆದಳು. ನಾಳೆ ಬೆಳಗಾಗುವುದರೊಳಗೆ ನದಿಯ ಎರಡೂ ದಂಡೆಗೆ ಸುದ್ದಿ ಮುಟ್ಟುತ್ತದೆ, ಬಲಾಗಿಯಾಳ ಮೂಗು ಸತ್ತಿತೆಂದು. ಉಗ್ರಾಣದವರು ಇನ್ನು ಕರೆಯುವುದಿಲ್ಲ. ಆ ಯೋಚನೆ ಬಂದು ಹೋಯಿತು. ಆದರೆ ಅವಳನ್ನು ಕೂರಗೊಡದೆ ಕಾಡುತ್ತಿದ್ದದ್ದು ಅದಲ್ಲ. ಮನೆಯೊಳಗೆ ಅತ್ತ ನಡೆದಳು, ಇತ್ತ ನಡೆದಳು. ಕೊನೆಗೆ ಸೊಸೆಯ ಮಗ್ಗುಲಲ್ಲಿ ಹಾಸಿಗೆಯ ಅಂಚಿಗೆ ಕುಳಿತಳು.

"ಇಲ್ಜಾನಾ, ಒಂದು ಕೇಳಲಾ? ಅದರ ವಾಸನೆ ಹೇಗಿದೆ?"

ಇಲ್ಜಾನಾಳ ಕಣ್ಣು ಕಿರಿದಾಯಿತು. "ಯಾಕೆ? ಮತ್ತೆ ತೀರ್ಪಾ?"

"ತೀರ್ಪಲ್ಲ ಮಾರಾಯ್ತಿ. ಯಾರಿಗೂ ಹೇಳಲ್ಲ. ನನಗೇ ಬೇಕು."

ಸೊಸೆ ಬಹಳ ಹೊತ್ತು ಅತ್ತೆಯ ಮುಖವನ್ನು ನೋಡಿದಳು. ಆಮೇಲೆ ಕೈ ಸರಿಸಿ, ಬಾಗಿ, ಮಗನ ನೆತ್ತಿಯನ್ನು ಮೂಸಿದಳು.

"ಹಾಲಿನ ವಾಸನೆ."

"ಅದು ನನಗೂ ಗೊತ್ತು, ಹಾಲು ಕುಡಿಯೋ ಕೂಸಿಗೆ ಹಾಲಿನ ವಾಸನೆ ಅಲ್ದೆ ಇನ್ನೇನು? ಎಂಥ ಹಾಲು? ಆಗ ಕರೆದದ್ದಾ, ಕಾಯಿಸಿದ್ದಾ?"

"ನನಗೆ ಅಷ್ಟೆಲ್ಲ ಗೊತ್ತಾಗಲ್ಲ ಅತ್ತೆ."

"ಗೊತ್ತಾಗತ್ತೆ. ಬಾಯಿ ಮುಚ್ಚು, ಕಣ್ಣೂ ಮುಚ್ಚು. ಮೆತ್ತಗೆ ಎಳ್ಕೋ, ಕುದುರೆ ನೀರು ಕುಡಿದ ಹಾಗೆ ಎಳೀಬೇಡ. ಹ್ಞಾ. ಕೆನೆ ಥರಾನಾ, ಮೊಸರಿನ ಥರಾನಾ?"

"ಎರಡರ ಮಧ್ಯೆ."

"ಮಧ್ಯೆ ಅಂತ ಯಾವ ವಾಸನೇನೂ ಇಲ್ಲ ಕಣೇ!" ಬಲಾಗಿಯಾಳಿಗೆ ತಾಳ್ಮೆ ತಪ್ಪಿತು. "ಇನ್ನೊಂದ್ಸಲ ಮೂಸು. ಕಿವಿ ಹಿಂದೆ ಮೂಸು, ಅಲ್ಲಿ ಬೇರೆ ಇರತ್ತೆ."

ಒಲೆಯ ಮುಂದೆ ಕುಳಿತಿದ್ದ ಜೊಗೊರ್ ತಿರುಗಿ ನೋಡಿದ. ಇಲ್ಜಾನಾ ನಿಟ್ಟುಸಿರು ಬಿಟ್ಟು, ಕೂಸಿನ ಕಿವಿಯನ್ನು ಬೆರಳಿನಿಂದ ಮೆಲ್ಲಗೆ ಮಡಿಸಿ, ಮತ್ತೆ ಬಾಗಿದಳು.